ಇಳಿವಯಸ್ಸಿನ ಬೆಳಗಿನ ತಿಂಡಿ: ಯಾವುದನ್ನು, ಏಕೆ ಆರಿಸಬೇಕು

ವಯಸ್ಸಾದ ಮೇಲೆ ಬೆಳಗ್ಗೆ ಹಗುರವಾಗಿ ಏನಾದರೂ ತಿಂದರೆ ಸಾಕು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಈ ಮಾತಿನಲ್ಲಿರುವ ‘ಹಗುರ’ ಎಂಬುದಕ್ಕೆ ಎರಡು ಅರ್ಥಗಳಿವೆ. ಬೇಗ ಅರಗುವುದು, ಹೊಟ್ಟೆಗೆ ಭಾರವೆನಿಸದಿರುವುದು ಒಂದರ್ಥ. ಸತ್ವವೇ ಇಲ್ಲದಿರುವುದು ಇನ್ನೊಂದರ್ಥ. ಮೊದಲನೆಯದನ್ನು ಬಯಸಿ ಹೊರಟವರು ಎಷ್ಟೋ ಸಲ ಅರಿವಿಲ್ಲದೆಯೇ ಎರಡನೆಯದನ್ನು ತಟ್ಟೆಗೆ ಹಾಕಿಕೊಳ್ಳುತ್ತಾರೆ. ಒಂದು ಲೋಟ ಚಹಾ, ಎರಡು ಹೋಳು ಬ್ರೆಡ್, ಮೇಲೆ ಸವರಿದ ಜಾಮ್. ಇಷ್ಟರಲ್ಲಿ ಸಿಗುವ ಪ್ರೋಟೀನ್ ಹೆಚ್ಚೆಂದರೆ 6ರಿಂದ 8 ಗ್ರಾಂ. ದಿನದ ಉಳಿದ ಊಟಗಳೂ ಇದೇ ಬಗೆಯವಾಗಿ, ತಿಂಗಳುಗಟ್ಟಲೆ ಹಾಗೆಯೇ ನಡೆದರೆ ಹಿರಿಯರ ರಕ್ತದಲ್ಲಿ ಸೋಡಿಯಂ ಕುಸಿಯುವುದೂ ಉಂಟು. ಏಕೆಂದರೆ ಕುಡಿದ ನೀರನ್ನು ಹೊರಹಾಕಲು ಮೂತ್ರಪಿಂಡಕ್ಕೆ ಉಪ್ಪು ಮತ್ತು ಪ್ರೋಟೀನಿನಿಂದ ಬರುವ ಯೂರಿಯಾ ಬೇಕು. ಎರಡೂ ಸಾಲದಾದಾಗ ನೀರು ಮೈಯಲ್ಲೇ ಉಳಿದು ರಕ್ತವನ್ನು ತೆಳುವಾಗಿಸುತ್ತದೆ. ವೈದ್ಯರು ಇದನ್ನು ‘ಟೀ ಮತ್ತು ಟೋಸ್ಟ್’ ಆಹಾರದ ತೊಂದರೆಯೆಂದೇ ಕರೆಯುತ್ತಾರೆ.

ನನ್ನ ತಾಯಿಗೆ ಎಪ್ಪತ್ತು ದಾಟಿದ ಮೇಲೆ ಮನೆಯವರೆಲ್ಲ ಸೇರಿ ಅವರ ಬೆಳಗಿನ ತಿಂಡಿಯನ್ನು ವರ್ಷದಿಂದ ವರ್ಷಕ್ಕೆ ಮೆತ್ತಗೆ, ತೆಳ್ಳಗೆ ಮಾಡುತ್ತ ಹೋದೆವು. ಅದು ಅಕ್ಕರೆಯಿಂದ ಮಾಡಿದ ಕೆಲಸ. ಕೈಯೂರದೆ ಕುರ್ಚಿಯಿಂದ ಏಳಲು ಅವರಿಗೆ ಆಗುತ್ತಿಲ್ಲವೆಂಬುದು ಕಣ್ಣಿಗೆ ಬಿದ್ದಾಗಲೇ, ಅಷ್ಟು ದಿನ ನಾವು ಕೊಟ್ಟದ್ದು ಹೊಟ್ಟೆಗೆ ಹಿತವಾಗಿದ್ದರೂ ಮೈಗೆ ಸಾಲುತ್ತಿರಲಿಲ್ಲವೆಂದು ಹೊಳೆದದ್ದು. ಆ ಕಾರಣದಿಂದ, ತಿಂಡಿಗಳನ್ನು ಹೋಲಿಸುವಾಗ ಕ್ಯಾಲೊರಿ ಎಷ್ಟು, ಕೊಬ್ಬು ಎಷ್ಟು ಎಂಬುದಕ್ಕಿಂತ ಮೊದಲು, ಇದರಲ್ಲಿ ಸ್ನಾಯುವಿಗೆ ಸಲ್ಲುವುದು ಎಷ್ಟು ಎಂದು ಕೇಳುವುದು ನನ್ನ ಪದ್ಧತಿಯಾಗಿದೆ. ಈ ಬರಹದ ಹೋಲಿಕೆಯೆಲ್ಲ ಆ ಪ್ರಶ್ನೆಯಿಂದಲೇ ಹೊರಡುತ್ತದೆ.

ಮೊದಲ ಅಳತೆ ಪ್ರೋಟೀನ್

ಮೂವತ್ತು ದಾಟಿದ ಮೇಲೆ ಸ್ನಾಯುರಾಶಿ ನಿಧಾನವಾಗಿ ಕರಗತೊಡಗುತ್ತದೆ. ಅರುವತ್ತರ ನಂತರ ಆ ಕರಗುವಿಕೆ ಚುರುಕಾಗುತ್ತದೆ. ಇದಕ್ಕೆ ‘ಸಾರ್ಕೊಪೀನಿಯ’ ಎಂಬ ಹೆಸರನ್ನು 1989ರಲ್ಲಿ ಸೂಚಿಸಿದವರು ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್. ಗ್ರೀಕ್ ಭಾಷೆಯ ಈ ಪದಕ್ಕೆ ಮಾಂಸದ ಬಡತನವೆಂದು ಅರ್ಥ. ಹೆಸರಿಟ್ಟದ್ದರಿಂದ ಒಂದು ಉಪಕಾರವಾಯಿತು: ವಯಸ್ಸಾದ ಮೇಲೆ ಶಕ್ತಿ ಕುಂದುವುದು ಸಹಜವೆಂದು ಕೈಬಿಡುತ್ತಿದ್ದ ಸ್ಥಿತಿಯನ್ನು ತಡೆಯಬಹುದಾದ, ಕನಿಷ್ಠ ನಿಧಾನಗೊಳಿಸಬಹುದಾದ ತೊಂದರೆಯೆಂದು ನೋಡುವುದು ಸಾಧ್ಯವಾಯಿತು.

ಇಳಿವಯಸ್ಸಿನ ಸ್ನಾಯುವಿಗೆ ಇನ್ನೊಂದು ಗುಣವಿದೆ, ಅದು ಕಿವಿ ಮಂದವಾದಂತೆ. ಹರೆಯದವರ ಸ್ನಾಯು ಸ್ವಲ್ಪ ಪ್ರೋಟೀನ್ ಬಂದರೂ ಅದನ್ನು ಹಿಡಿದು ತನ್ನನ್ನು ಕಟ್ಟಿಕೊಳ್ಳುತ್ತದೆ. ಹಿರಿಯರ ಸ್ನಾಯು ಎಚ್ಚರಗೊಳ್ಳಬೇಕಾದರೆ ಒಂದೇ ಹೊತ್ತಿಗೆ ಹೆಚ್ಚು ಪ್ರೋಟೀನ್, ಅದರಲ್ಲೂ ಲ್ಯೂಸಿನ್ ಎಂಬ ಅಮೈನೊ ಆಮ್ಲ, ಬರಬೇಕು. ಒಂದು ಹೊತ್ತಿಗೆ 25ರಿಂದ 30 ಗ್ರಾಂ ಪ್ರೋಟೀನ್, ಅದರಲ್ಲಿ ಸುಮಾರು 2.5ರಿಂದ 3 ಗ್ರಾಂ ಲ್ಯೂಸಿನ್ ಇರಲಿ ಎಂಬ ಸಲಹೆ ಹುಟ್ಟಿದ್ದು ಇದರಿಂದ. ಬಹುಪಾಲು ಜನರು ಬೆಳಗ್ಗೆ ಅತಿ ಕಡಿಮೆ ಪ್ರೋಟೀನ್ ತಿಂದು, ಅದರ ಕೊರತೆಯನ್ನು ರಾತ್ರಿಯ ಊಟದಲ್ಲಿ ತುಂಬಿಕೊಳ್ಳುತ್ತಾರೆ. ರಾತ್ರಿಯೆಲ್ಲ ಉಪವಾಸವಿದ್ದು, ದೇಹವು ತನ್ನದೇ ಸ್ನಾಯುವನ್ನು ಒಂದಿಷ್ಟು ಕರಗಿಸಿಕೊಂಡ ಮೇಲೆ ಬರುವ ಮೊದಲ ಆಹಾರವೇ ಪ್ರೋಟೀನಿನಲ್ಲಿ ಬಡವಾಗಿರುವುದು ನನಗೆ ನಿಜಕ್ಕೂ ಚಿಂತೆಯ ಸಂಗತಿ.

ದಿನದ ಲೆಕ್ಕವೂ ತಿಳಿದಿರಲಿ. ವಯಸ್ಕರಿಗೆಂದು ಹೇಳುವ ಸಾಮಾನ್ಯ ಪ್ರಮಾಣ ಮೈತೂಕದ ಪ್ರತಿ ಕಿಲೊಗೆ 0.8 ಗ್ರಾಂ. ಆದರೆ 2013ರಲ್ಲಿ ‘ಪ್ರಾಟ್-ಏಜ್’ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು, ಅರುವತ್ತೈದು ದಾಟಿದ ಆರೋಗ್ಯವಂತರಿಗೆ ಇದು 1.0ರಿಂದ 1.2 ಗ್ರಾಂ ಇರಬೇಕೆಂದೂ, ಕಾಯಿಲೆಯಿಂದ ಬಳಲುತ್ತಿರುವವರಿಗೆ 1.2ರಿಂದ 1.5 ಗ್ರಾಂ ಬೇಕಾಗಬಹುದೆಂದೂ ಶಿಫಾರಸು ಮಾಡಿತು. ಅಂದರೆ 60 ಕಿಲೊ ತೂಕದವರಿಗೆ ದಿನಕ್ಕೆ 60ರಿಂದ 72 ಗ್ರಾಂ. ಮೂರು ಹೊತ್ತಿಗೆ ಹಂಚಿದರೆ ಬೆಳಗ್ಗೆಗೆ 20ರಿಂದ 24 ಗ್ರಾಂ. ಡಯಾಲಿಸಿಸ್ ಇಲ್ಲದೆ ತೀವ್ರ ಮೂತ್ರಪಿಂಡದ ಕಾಯಿಲೆಯೊಂದಿಗೆ ಬದುಕುತ್ತಿರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರ ಪ್ರೋಟೀನಿನ ಮಿತಿಯನ್ನು ಅವರ ವೈದ್ಯರೇ ಹೇಳಬೇಕು.

ಇನ್ನೂ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎಷ್ಟೇ ಒಳ್ಳೆಯ ತಿಂಡಿಯಾದರೂ ಕೆಲಸವಿಲ್ಲದ ಸ್ನಾಯುವಿಗೆ ಅರ್ಧ ಮಾತ್ರ ತಲುಪುತ್ತದೆ. ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು, ಆಸರೆ ಹತ್ತಿರವಿಟ್ಟುಕೊಂಡು, ನಿಧಾನವಾಗಿ ಹತ್ತು ಸಲ ಎದ್ದು ಕೂರುವಷ್ಟು ವ್ಯಾಯಾಮವಾದರೂ ತಿಂಡಿಯ ಜೊತೆಗಿರಬೇಕು.

ತಿಂಡಿಗಳನ್ನು ಎದುರುಬದುರು ಇಟ್ಟು ನೋಡಿದರೆ

ಮೊಟ್ಟೆ ತಿನ್ನುವವರಿಗೆ ಅದಕ್ಕಿಂತ ಸರಳವಾದ ದಾರಿ ಇಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಅರ್ಧ ಗ್ರಾಂ ಲ್ಯೂಸಿನ್ ಇವೆ. ಬಿ12, ಡಿ ಜೀವಸತ್ವಗಳು ಮತ್ತು ಮಿದುಳಿಗೆ ಬೇಕಾದ ಕೋಲೀನ್ ಕೂಡ ಇವೆ. ಎರಡು ಮೊಟ್ಟೆ, ಎರಡು ಹೋಳು ಇಡಿಗೋಧಿಯ ಬ್ರೆಡ್, ಒಂದು ಲೋಟ ಹಾಲು ಸೇರಿದರೆ 27 ಗ್ರಾಂ ಆಸುಪಾಸಿಗೆ ಬರುತ್ತದೆ. ಹಲ್ಲಿಲ್ಲದವರೂ ತಿನ್ನಬಹುದು, ಐದು ನಿಮಿಷದಲ್ಲಿ ಆಗುತ್ತದೆ. ಕೊರತೆಯೆಂದರೆ, ಮೊಟ್ಟೆಯಲ್ಲಿ ನಾರಿನಂಶವೂ ಸಿ ಜೀವಸತ್ವವೂ ಇಲ್ಲ. ಹಾಗಾಗಿ ಜೊತೆಗೆ ಹಣ್ಣೋ ತರಕಾರಿಯೋ ಇರಲೇಬೇಕು. ಕೊಲೆಸ್ಟರಾಲಿನ ಭಯದಿಂದ ಹಳದಿಯನ್ನು ತೆಗೆದೆಸೆಯುವ ಹಿರಿಯರನ್ನು ಕಂಡಾಗ ನನಗೆ ಮರುಕವಾಗುತ್ತದೆ. ಆಹಾರದ ಕೊಲೆಸ್ಟರಾಲನ್ನು ದಿನಕ್ಕೆ 300 ಮಿಲಿಗ್ರಾಂಗೆ ಕಟ್ಟಿಹಾಕಿದ್ದ ಹಳೆಯ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿಯೇ 2015ರಿಂದ ಕೈಬಿಟ್ಟಿದೆ. ಹೆಚ್ಚಿನವರ ರಕ್ತದ ಕೊಲೆಸ್ಟರಾಲನ್ನು ಹೆಚ್ಚಾಗಿ ಏರಿಸುವುದು ಮೊಟ್ಟೆಯ ಹಳದಿಗಿಂತ ಬೆಣ್ಣೆ, ಕೊಬ್ಬಿನ ಮಾಂಸಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು. ಮಧುಮೇಹ ಇರುವವರು, ಹೃದ್ರೋಗ ಇರುವವರು, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ತುಂಬ ಹೆಚ್ಚಿರುವವರು ವಾರಕ್ಕೆ ಎಷ್ಟು ಎಂಬುದನ್ನು ವೈದ್ಯರಲ್ಲಿ ಕೇಳಿ ನಿರ್ಧರಿಸುವುದು ಸರಿ. ಒಂದು ಎಚ್ಚರ ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ: ಈ ವಯಸ್ಸಿನಲ್ಲಿ ಸಾಲ್ಮೊನೆಲ್ಲ ಸೋಂಕು ಜೀವಕ್ಕೇ ಕುತ್ತಾಗಬಹುದಾದ್ದರಿಂದ ಮೊಟ್ಟೆಯ ಹಳದಿ ಗಟ್ಟಿಯಾಗುವವರೆಗೆ ಬೇಯಲಿ. ಮೊಟ್ಟೆಯ ಪಕ್ಕದಲ್ಲಿ ಹೊಗೆಯಾಡಿಸಿದ, ಉಪ್ಪು ಹಾಕಿ ಕೆಡದಂತೆ ಮಾಡಿದ ಮಾಂಸವನ್ನು ಇಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಅಂಥ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಓಟ್ಸ್ ಗಂಜಿಯ ಬಲ ಬೇರೆ ಕಡೆಗಿದೆ. ಅದರಲ್ಲಿರುವ ಬೀಟಾ-ಗ್ಲೂಕನ್ ಎಂಬ ಕರಗುವ ನಾರು ಕರುಳಿನಲ್ಲಿ ಲೋಳೆಯಂತಾಗಿ ಪಿತ್ತರಸದ ಆಮ್ಲಗಳನ್ನು ಹಿಡಿದಿಟ್ಟು ಮಲದೊಂದಿಗೆ ಹೊರಹಾಕುತ್ತದೆ. ಹೊಸ ಪಿತ್ತಾಮ್ಲ ತಯಾರಿಸಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕನ್ ಎಲ್‌ಡಿಎಲ್ ಇಳಿಸಲು ನೆರವಾಗುತ್ತದೆಂಬ ಆಧಾರದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ಓಟ್ಸ್‌ನ ಪೊಟ್ಟಣದ ಮೇಲೆ ಹೃದಯಕ್ಕೆ ಸಂಬಂಧಿಸಿದ ಹೇಳಿಕೆಯನ್ನು ಅಚ್ಚಿಡಲು ಅನುಮತಿ ಕೊಟ್ಟಿತು. ಆದರೆ 40 ಗ್ರಾಂ ಓಟ್ಸ್‌ನಲ್ಲಿ ಇರುವುದು ಆ ಪ್ರಮಾಣದ ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚು ಅಷ್ಟೆ. ಪ್ರೋಟೀನ್ ಇನ್ನೂ ಕಡಿಮೆ. ನೀರಿನಲ್ಲಿ ಬೇಯಿಸಿ ಸಕ್ಕರೆ ಹಾಕಿದ 40 ಗ್ರಾಂ ಓಟ್ಸ್ ಕೊಡುವುದು ಬರೀ 5 ಗ್ರಾಂ ಪ್ರೋಟೀನ್. ನಾವು ತಾಯಿಗೆ ಕೊಡುತ್ತಿದ್ದುದು ಇದನ್ನೇ. ಅದೇ ಓಟ್ಸನ್ನು ಒಂದು ಲೋಟ ಹಾಲಿನಲ್ಲಿ ಬೇಯಿಸಿದರೆ 13 ಗ್ರಾಂ, ಮೇಲೆ 30 ಗ್ರಾಂ ಬಾದಾಮಿಯನ್ನು ನುಣ್ಣಗೆ ಪುಡಿಮಾಡಿ ಹಾಕಿದರೆ 19 ಗ್ರಾಂ. ಆದುದರಿಂದ ಗಂಜಿ ಒಳ್ಳೆಯದೋ ಮೊಟ್ಟೆ ಒಳ್ಳೆಯದೋ ಎಂದು ಕೇಳುವುದಕ್ಕಿಂತ, ಗಂಜಿ ಬೆಂದದ್ದು ಯಾವುದರಲ್ಲಿ ಎಂದು ಕೇಳುವುದು ಹೆಚ್ಚು ಉಪಯುಕ್ತ. ಓಟ್ಸ್‌ನಲ್ಲೂ ಬಗೆಗಳಿವೆ: ಕತ್ತರಿಸಿದ ಗಟ್ಟಿ ಓಟ್ಸ್ ಸಕ್ಕರೆಯನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ, ಚಪ್ಪಟೆ ಮಾಡಿದ್ದು ನಡುವಿನದು, ಬಿಸಿನೀರು ಸುರಿದೊಡನೆ ಸಿದ್ಧವಾಗುವ ತೆಳು ಓಟ್ಸ್ ಬೇಗನೆ ಏರಿಸುತ್ತದೆ. ಬೇಗ ಸಿದ್ಧವಾಗುವುದು ಬೇಗ ಸಕ್ಕರೆಯಾಗುತ್ತದೆ ಎಂದು ನೆನಪಿಟ್ಟುಕೊಂಡರೆ ಧಾನ್ಯಗಳ ವಿಷಯದಲ್ಲಿ ಬಹುಮಟ್ಟಿಗೆ ದಾರಿ ತಪ್ಪುವುದಿಲ್ಲ.

ರಾತ್ರಿ ನೆನೆಹಾಕಿದ ಓಟ್ಸ್ ಇತ್ತೀಚಿನ ಹೊಸತೆಂದು ಕೆಲವರು ತಿಳಿದಿದ್ದಾರೆ. ಸ್ವಿಟ್ಜರ್‌ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಚರ್-ಬೆನ್ನರ್ ಸುಮಾರು 1900ರಲ್ಲಿ ತನ್ನ ರೋಗಿಗಳಿಗೆ ಕೊಡುತ್ತಿದ್ದ ಮ್ಯೂಸ್ಲಿಯಲ್ಲಿ ಓಟ್ಸ್ ಇದ್ದುದು ಒಂದೇ ಚಮಚ, ಅದೂ ರಾತ್ರಿ ನೆನೆಸಿದ್ದು. ಬಟ್ಟಲಿನ ಬಹುಭಾಗ ತುರಿದ ಸೇಬು. ಇಂದು ಮ್ಯೂಸ್ಲಿಯೆಂದು ಮಾರುವ ಗರಿಗರಿ, ಸಿಹಿ ಮಿಶ್ರಣಕ್ಕೂ ಅದಕ್ಕೂ ಹೆಸರಿನ ನಂಟು ಮಾತ್ರ. ಹಲ್ಲು ಸಡಿಲವಾಗಿರುವವರಿಗೆ ಆ ಹಳೆಯ ರೂಪವೇ ತಕ್ಕದ್ದು.

ಮೊಸರಿನ ವಿಷಯದಲ್ಲಿ ಸಾದಾ ಮೊಸರು, ನೀರು ಬಸಿದ ಗಟ್ಟಿ ಮೊಸರು, ಹಣ್ಣಿನ ರುಚಿಯ ಸಿಹಿ ಮೊಸರು ಈ ಮೂರನ್ನು ಒಂದೇ ಎಂದು ಎಣಿಸಬಾರದು. 200 ಗ್ರಾಂ ಸಾದಾ ಮೊಸರಿನಲ್ಲಿ 7ರಿಂದ 8 ಗ್ರಾಂ ಪ್ರೋಟೀನ್ ಇದ್ದರೆ, ಅಷ್ಟೇ ತೂಕದ ಬಸಿದ ಮೊಸರಿನಲ್ಲಿ 18ರಿಂದ 20 ಗ್ರಾಂ ಇರಬಹುದು. ಬೇಯಿಸುವ ಕೆಲಸವೇ ಬೇಡದ, ಅಗಿಯುವ ಶ್ರಮವೂ ಇಲ್ಲದ ತಿಂಡಿಯೊಂದು ಒಂಟಿಯಾಗಿರುವ ಹಿರಿಯರಿಗೆ ಬೇಕೆಂದರೆ ನಾನು ಮೊದಲು ಹೇಳುವುದು ಇದನ್ನೇ: ಬಸಿದ ಮೊಸರು, ಅದರ ಮೇಲೆ ಹೆಚ್ಚಿದ ಹಣ್ಣು, ಪುಡಿಮಾಡಿದ ಬೀಜಗಳು. ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವ ಅನೇಕರಿಗೆ ಮೊಸರು ಒಗ್ಗುತ್ತದೆ. ಹೆಪ್ಪುಗಟ್ಟುವಾಗ ಬ್ಯಾಕ್ಟೀರಿಯಗಳು ಲ್ಯಾಕ್ಟೋಸಿನ ಒಂದು ಪಾಲನ್ನು ಆಗಲೇ ಒಡೆದಿರುತ್ತವೆ. ಮೂಳೆಗೂ ಇದು ಒಳ್ಳೆಯದು. ಅಮೆರಿಕದ ಶಿಫಾರಸಿನಂತೆ ಐವತ್ತು ದಾಟಿದ ಮಹಿಳೆಯರಿಗೂ ಎಪ್ಪತ್ತು ದಾಟಿದ ಪುರುಷರಿಗೂ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 200 ಗ್ರಾಂ ಸಾದಾ ಮೊಸರಿನಿಂದ ಅದರ ಐದನೆಯ ಒಂದು ಪಾಲು ಬರುತ್ತದೆ. ಸಿಹಿ ಮೊಸರಿನ ಡಬ್ಬಿಯನ್ನು ಕೊಳ್ಳುವುದಕ್ಕಿಂತ ಸಾದಾ ಮೊಸರಿಗೆ ನೀವೇ ಹಣ್ಣು ಬೆರೆಸುವುದು ಮೇಲು.

ಬೇಳೆಕಾಳುಗಳ ಬಗ್ಗೆ ಹಿರಿಯರಲ್ಲಿರುವ ಹೆದರಿಕೆ ವಾಯುವಿನದು, ಅದು ಸುಳ್ಳಲ್ಲ. ಆದರೂ ಬೆಲೆಯಲ್ಲಿ, ನಾರಿನಲ್ಲಿ, ಪ್ರೋಟೀನಿನಲ್ಲಿ ಇವುಗಳ ಸರಿಸಾಟಿಯಾದದ್ದು ಸಸ್ಯಾಹಾರದಲ್ಲಿ ಬೇರೊಂದಿಲ್ಲ. ಬೇಯಿಸಿದ ಒಂದು ಕಪ್ ಮಸೂರದಲ್ಲಿ ಸುಮಾರು 18 ಗ್ರಾಂ ಪ್ರೋಟೀನ್, 15 ಗ್ರಾಂ ನಾರು ಇರುತ್ತದೆ. ಕಾಳುಗಳಲ್ಲಿ ಕಡಿಮೆ ಇರುವ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಧಾನ್ಯದಲ್ಲಿ ಇದೆ, ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿ ಇದೆ. ಎರಡೂ ದಿನದಲ್ಲಿ ಬಂದರೆ ಸಾಕು, ಒಂದೇ ತಟ್ಟೆಯಲ್ಲಿ ಇರಲೇಬೇಕೆಂದಿಲ್ಲ. ಎಂಟು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ, ಮೊದಲ ವಾರ ಎರಡು ಮೂರು ಚಮಚದಿಂದ ಆರಂಭಿಸಿದರೆ ಕರುಳು ಹೊಂದಿಕೊಳ್ಳುತ್ತದೆ. ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಮಲಬದ್ಧತೆ ಕಡಿಮೆಯಾಗುವ ಬದಲು ಹೆಚ್ಚುತ್ತದೆಂಬುದು ನೆನಪಿರಲಿ. ಇಳಿವಯಸ್ಸಿನಲ್ಲಿ ಬಾಯಾರಿಕೆಯ ಅರಿವೇ ಮಂಕಾಗುವುದರಿಂದ ನೀರಡಿಕೆಗಾಗಿ ಕಾಯುತ್ತ ಕೂರುವಂತಿಲ್ಲ. ಕಾಳು, ಸೊಪ್ಪುಗಳಲ್ಲಿನ ಕಬ್ಬಿಣ ಮೈಗೆ ಹಿಡಿಯಬೇಕಾದರೆ ಚಹಾ, ಕಾಫಿಯನ್ನು ತಿಂಡಿಯ ಜೊತೆಗೆ ಕುಡಿಯದೆ ಒಂದು ಗಂಟೆಯಷ್ಟು ದೂರವಿಟ್ಟು, ಜೊತೆಗೆ ಹುಳಿಹಣ್ಣು ತಿನ್ನುವುದು ಲೇಸು.

ಹಾಲಿನ ಬದಲು ಸಸ್ಯಮೂಲದ ಹಾಲು ಕುಡಿಯುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಒಂದು ಲೋಟ ಹಸುವಿನ ಹಾಲಿನಲ್ಲಿ 8 ಗ್ರಾಂ, ಸೋಯಾ ಹಾಲಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದ್ದರೆ, ಓಟ್ಸ್ ಹಾಲಿನಲ್ಲಿ ಇರುವುದು 3 ಗ್ರಾಂ, ಬಾದಾಮಿ ಹಾಲಿನಲ್ಲಿ ಒಂದೇ ಗ್ರಾಂ. ಬಾದಾಮಿ ಎಂಬ ಹೆಸರು ನೋಡಿ ಪುಷ್ಟಿಯೆಂದು ಕೊಂಡವರು ಕುಡಿಯುತ್ತಿರುವುದು ಹೆಚ್ಚುಕಡಿಮೆ ನೀರನ್ನೇ.

ಪೊಟ್ಟಣದ ಧಾನ್ಯದ ಚಕ್ಕೆಗಳ ವಿಷಯ ಬೇಗ ಮುಗಿಯುತ್ತದೆ. ಪೊಟ್ಟಣದ ಹಿಂಬದಿ ಓದಿ: 100 ಗ್ರಾಂನಲ್ಲಿ ಸಕ್ಕರೆ 22.5 ಗ್ರಾಂ ಮೀರಿದ್ದರೆ ಹೆಚ್ಚು, 5 ಗ್ರಾಂ ಒಳಗಿದ್ದರೆ ಕಡಿಮೆ, ಉಪ್ಪು 1.5 ಗ್ರಾಂ ಮೀರಿದ್ದರೆ ಹೆಚ್ಚು, 0.3 ಗ್ರಾಂ ಒಳಗಿದ್ದರೆ ಕಡಿಮೆ. ಬ್ರಿಟನ್ನಿನಲ್ಲಿ ಪೊಟ್ಟಣದ ಮೇಲೆ ಕೆಂಪು, ಹಸಿರು ಬಣ್ಣ ಹಚ್ಚಲು ಬಳಸುವ ಈ ಗಡಿಗಳು ಎಲ್ಲಿಯಾದರೂ ಉಪಯೋಗಕ್ಕೆ ಬರುತ್ತವೆ. ಇವುಗಳ ಪರವಾಗಿ ಹೇಳಬೇಕಾದ ಒಂದು ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. ಹಿರಿಯರಲ್ಲಿ ಹಲವರಿಗೆ ಜಠರದ ಆಮ್ಲ ಕಡಿಮೆಯಾಗಿ, ಆಹಾರದ ಪ್ರೋಟೀನಿಗೆ ಅಂಟಿಕೊಂಡ ಬಿ12 ಬಿಡುಗಡೆಯಾಗುವುದಿಲ್ಲ. ಕೃತಕವಾಗಿ ಬೆರೆಸಿದ ಬಿ12 ಅಂಥವರಿಗೂ ದಕ್ಕುತ್ತದೆ. ಸಕ್ಕರೆ ಕಡಿಮೆಯಿದ್ದು ಬಿ12 ಬೆರೆಸಿರುವ ಚಕ್ಕೆಯನ್ನು ಹಾಲಿನೊಂದಿಗೆ ತಿನ್ನುವುದು, ವಿಶೇಷವಾಗಿ ಮಾಂಸ, ಮೊಟ್ಟೆ ಮುಟ್ಟದವರಿಗೆ, ಕೆಟ್ಟ ಆಯ್ಕೆಯಲ್ಲ.

ಹಣ್ಣು ಮತ್ತು ರಸದ ನಡುವೆ ಆಯ್ಕೆ ಬಂದರೆ ಹಣ್ಣನ್ನೇ ಆರಿಸಿ. ಒಂದು ಕಿತ್ತಳೆಯಲ್ಲಿ 12 ಗ್ರಾಂ ಸಕ್ಕರೆ, 3 ಗ್ರಾಂ ನಾರು. ಒಂದು ಲೋಟ ಕಿತ್ತಳೆ ರಸದಲ್ಲಿ 20 ಗ್ರಾಂ ದಾಟಿದ ಸಕ್ಕರೆ, ನಾರು ಇಲ್ಲವೆಂಬಷ್ಟು ಕಡಿಮೆ. ಅಗಿಯಲಾಗದವರು ಹಣ್ಣನ್ನು ಸೋಸದೆ ಇಡಿಯಾಗಿ ಅರೆದು ಮೊಸರಿನಲ್ಲಿ ಬೆರೆಸಬಹುದು.

ಸಕ್ಕರೆ ಏರುವುದು, ಬಿಪಿ ಇಳಿಯುವುದು

ಮಧುಮೇಹ ಇರುವವರಿಗೆ ದಿನದ ಕಷ್ಟದ ಹೊತ್ತು ಬೆಳಗಿನದು. ಮುಂಜಾವಿನಲ್ಲಿ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನುಗಳು ಏರಿ ಯಕೃತ್ತು ತಾನಾಗಿಯೇ ಸಕ್ಕರೆಯನ್ನು ಬಿಡುಗಡೆ ಮಾಡುವುದರಿಂದ, ಏನೂ ತಿನ್ನದೆಯೇ ರಕ್ತದ ಸಕ್ಕರೆ ಮೇಲಿರುತ್ತದೆ. ಅದರ ಮೇಲೆ ಬಿಳಿ ಬ್ರೆಡ್, ಜಾಮ್, ಹಣ್ಣಿನ ರಸ ಬಂದರೆ ಏನಾಗುವುದೆಂದು ಹೇಳಬೇಕಿಲ್ಲ. ತಟ್ಟೆಯಲ್ಲಿರುವುದನ್ನೇ ತಿನ್ನುವ ಕ್ರಮ ಬದಲಿಸಿದರೂ ಉಪಯೋಗವಿದೆ: ಮೊಟ್ಟೆ, ಮೊಸರು, ತರಕಾರಿ ಮೊದಲು, ಬ್ರೆಡ್ ಅಥವಾ ಗಂಜಿ ಕೊನೆಗೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ನಿಮ್ಮ ಮೈಯನ್ನೇ ಕೇಳಿ ತಿಳಿಯಬಹುದು. ಒಂದು ತಿಂಡಿಯನ್ನು ಮೂರು ದಿನ ತಿಂದು, ತಿನ್ನುವ ಮೊದಲು ಮತ್ತು ಮೊದಲ ತುತ್ತಿನಿಂದ ಎರಡು ಗಂಟೆಯ ನಂತರ ಅಳೆದು ಬರೆದಿಡಿ; ಮುಂದಿನ ಮೂರು ದಿನ ಇನ್ನೊಂದು ತಿಂಡಿಗೂ ಹಾಗೆಯೇ ಮಾಡಿ. ಆ ಆರು ಸಾಲುಗಳು ಯಾವ ಪಟ್ಟಿಗಿಂತಲೂ ನಿಮಗೆ ಹೆಚ್ಚು ಹೇಳುತ್ತವೆ. ಇನ್ಸುಲಿನ್ ಅಥವಾ ಸಲ್ಫೊನಿಲ್‌ಯೂರಿಯ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಯಾವ ಕಾರಣಕ್ಕೂ ಮಾತ್ರೆ ನುಂಗಿ ತಿಂಡಿ ಬಿಡಬಾರದು. ಸಕ್ಕರೆ ತೀರ ಇಳಿದು ಬಿದ್ದರೆ ಆಗುವ ಮೂಳೆ ಮುರಿತ ಆ ವಯಸ್ಸಿನಲ್ಲಿ ಸಣ್ಣ ಸಂಗತಿಯಲ್ಲ.

ತಿಂಡಿಯಾದ ಮೇಲೆ ತಲೆ ತಿರುಗುವುದು, ಮಂಪರು ಕವಿಯುವುದು ಹಿರಿಯರಲ್ಲಿ ಸಾಮಾನ್ಯ. ಊಟದ ಎರಡು ಗಂಟೆಯೊಳಗೆ ಮೇಲಿನ ಬಿಪಿ 20 ಅಂಶ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಊಟದ ನಂತರದ ಬಿಪಿ ಕುಸಿತವೆನ್ನುತ್ತಾರೆ. ಅರಗಿಸಲು ರಕ್ತವು ಹೊಟ್ಟೆಯ ಕಡೆ ಹರಿದಾಗ ಹೃದಯ ಮತ್ತು ರಕ್ತನಾಳಗಳು ಅದಕ್ಕೆ ತಕ್ಕಂತೆ ಹೊಂದಿಕೊಳ್ಳದಿರುವುದೇ ಕಾರಣ. ಪಿಷ್ಟ ಮತ್ತು ಸಕ್ಕರೆ ಹೆಚ್ಚಿರುವ ದೊಡ್ಡ ತಿಂಡಿ ಇದನ್ನು ಹೆಚ್ಚಿಸುತ್ತದೆ. ಅಂಥವರು ತಿಂಡಿಯನ್ನು ಎರಡು ಪಾಲು ಮಾಡಿ ಎರಡು ಗಂಟೆಯ ಅಂತರದಲ್ಲಿ ತಿನ್ನುವುದು, ತಿನ್ನುವ ಮೊದಲು ಒಂದು ದೊಡ್ಡ ಲೋಟ ನೀರು ಕುಡಿಯುವುದು, ತಿಂದೊಡನೆ ಏಳದೆ ಸ್ವಲ್ಪ ಹೊತ್ತು ಕೂರುವುದು ಒಳಿತು. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ನೀರಿನ ಸಲಹೆಯನ್ನು ತಾವಾಗಿ ಅನುಸರಿಸಬಾರದು.

ಮಾತ್ರೆಯ ಡಬ್ಬಿಯನ್ನೂ ಮೇಜಿನ ಮೇಲಿಡಿ

ಬೆಳಗಿನ ತಿಂಡಿಯ ಬಗ್ಗೆ ಬರೆಯುವವರು ಹೆಚ್ಚಾಗಿ ಮರೆಯುವುದು ಇದನ್ನು. ಇಳಿವಯಸ್ಸಿನಲ್ಲಿ ತಿಂಡಿಯ ಹೊತ್ತನ್ನು ನಿರ್ಧರಿಸುವುದು ಹಸಿವಿಗಿಂತ ಹೆಚ್ಚಾಗಿ ಮಾತ್ರೆಗಳೇ. ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್ ನುಂಗುವವರು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು, ಕಾಫಿಗೂ ಕಾಯಬೇಕು. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಅದರಿಂದ ನಾಲ್ಕು ಗಂಟೆ ದೂರವಿರಬೇಕು. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ತೆಗೆದುಕೊಳ್ಳುವ ದಿನ, ಒಂದು ಲೋಟ ಸಾದಾ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ನೆಟ್ಟಗಿರಬೇಕು, ಇಲ್ಲವಾದರೆ ಅನ್ನನಾಳ ಸುಡಬಹುದು. ಕೆಲವು ಆ್ಯಂಟಿಬಯಾಟಿಕ್‌ಗಳನ್ನು ಹಾಲು, ಮೊಸರಿನೊಂದಿಗೆ ನುಂಗಿದರೆ ಅವು ಕ್ಯಾಲ್ಸಿಯಂಗೆ ಅಂಟಿಕೊಂಡು ವ್ಯರ್ಥವಾಗುತ್ತವೆ. ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್‌ಗೆ ಇದರ ತದ್ವಿರುದ್ಧ: ತಿಂಡಿಯೊಂದಿಗೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ, ಆದರೆ ವರ್ಷಗಟ್ಟಲೆ ಸೇವಿಸುವವರು ಬಿ12 ಪರೀಕ್ಷಿಸಿಕೊಳ್ಳುತ್ತಿರಬೇಕು.

ಚಕ್ಕೋತವನ್ನು ಹೋಲುವ ಗ್ರೇಪ್‌ಫ್ರೂಟ್‌ನ ಕಥೆ ಇಲ್ಲಿ ಹೇಳಲೇಬೇಕಾದದ್ದು. ಕೆನಡಾದ ಡೇವಿಡ್ ಬೈಲಿ ಮತ್ತು ಸಹೋದ್ಯೋಗಿಗಳು ಬಿಪಿ ಮಾತ್ರೆ ಫೆಲೊಡಿಪಿನ್ ಜೊತೆ ಮದ್ಯ ಸೇರಿದರೆ ಏನಾಗುತ್ತದೆಂದು ಪರೀಕ್ಷಿಸುವಾಗ, ಮದ್ಯದ ರುಚಿ ತಿಳಿಯದಿರಲೆಂದು ಈ ಹಣ್ಣಿನ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧದ ಮಟ್ಟ ಅನಿರೀಕ್ಷಿತವಾಗಿ ಏರಲು ಆ ರಸವೇ ಕಾರಣವೆಂದು ಆಮೇಲೆ ತಿಳಿಯಿತು. ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ. ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್, ಅಟಾರ್ವಾಸ್ಟಾಟಿನ್ ನುಂಗುವವರಿಗೂ ಈ ಎಚ್ಚರ ಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಬಿಡಬೇಕಿಲ್ಲ, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಶೂನ್ಯ ಎಂದಾಗದೆ ಪ್ರಮಾಣ ಒಂದೇ ಸಮನಾಗಿರಬೇಕು. ಮೂತ್ರಪಿಂಡ ದುರ್ಬಲವಾಗಿದ್ದು ಪೊಟ್ಯಾಸಿಯಂ ಏರಿಸುವ ಬಿಪಿ ಮಾತ್ರೆಗಳಲ್ಲಿರುವವರು ಬಾಳೆಹಣ್ಣು, ಹಣ್ಣಿನ ರಸಗಳ ಬಗ್ಗೆಯೂ, ಉಪ್ಪಿನ ಬದಲು ಮಾರುವ ಪೊಟ್ಯಾಸಿಯಂ ಉಪ್ಪಿನ ಬಗ್ಗೆಯೂ ವೈದ್ಯರನ್ನು ಕೇಳಿಯೇ ನಿರ್ಧರಿಸಲಿ.

ಹಲ್ಲು, ಗಂಟಲು, ಹಸಿವು

ಕಾಗದದ ಮೇಲೆ ಶ್ರೇಷ್ಠವಾದ ತಿಂಡಿ ಬಾಯಲ್ಲಿ ನಿಲ್ಲದಿದ್ದರೆ ಏನು ಪ್ರಯೋಜನ? ಹಲ್ಲುಸೆಟ್ಟು ಸರಿಯಾಗಿ ಕೂರದವರು ಮೊದಲು ಬಿಡುವುದು ಬೀಜಗಳನ್ನು, ಗಟ್ಟಿ ಹಣ್ಣನ್ನು, ಮಾಂಸವನ್ನು; ಉಳಿಯುವುದು ಬಿಳಿ ಬ್ರೆಡ್ ಮತ್ತು ತೆಳು ಗಂಜಿ. ಮೆತ್ತಗಿರುವುದೆಲ್ಲ ಸತ್ವಹೀನವಾಗಬೇಕಿಲ್ಲ. ಹಾಲು ಬೆರೆಸಿ ಕದಡಿ ಬೇಯಿಸಿದ ಮೊಟ್ಟೆ, ಬಸಿದ ಮೊಸರು, ನುಣ್ಣಗೆ ಮಸೆದ ಬೇಳೆ, ಮುಳ್ಳು ತೆಗೆದ ಮೀನು ಇವೆಲ್ಲ ನಾಲಿಗೆಯ ಒತ್ತಿಗೇ ಕರಗುವಂಥವು. ತಿನ್ನುವಾಗ ಕೆಮ್ಮು ಬರುವುದು, ನುಂಗಿದ ಮೇಲೆ ದನಿ ಒದ್ದೆಯಾದಂತೆ ಕೇಳಿಸುವುದು, ಪದೇಪದೇ ಎದೆಯ ಸೋಂಕಾಗುವುದು ಕಂಡರೆ ಅದು ನುಂಗುವಿಕೆಯ ತೊಂದರೆಯಿರಬಹುದು. ಆಗ ಒಣ ಬ್ರೆಡ್, ಇಡೀ ಬೀಜ, ಗಂಟಲಿಗೆ ಅಂಟುವ ಶೇಂಗಾ ಬೆಣ್ಣೆಯ ಉಂಡೆ ಇವು ಅಪಾಯಕಾರಿ. ಆಹಾರ ಮತ್ತು ಪಾನೀಯಗಳ ಗಟ್ಟಿತನವನ್ನು 0ಯಿಂದ 7ರವರೆಗೆ ಗುರುತಿಸುವ ಅಂತರರಾಷ್ಟ್ರೀಯ ಶ್ರೇಣಿಯೊಂದಿದೆ. ಯಾವ ಹಂತ ಸರಿಯೆಂದು ವಾಕ್ ಮತ್ತು ನುಂಗುವಿಕೆಯ ಚಿಕಿತ್ಸಕರು ಪರೀಕ್ಷಿಸಿ ಹೇಳುತ್ತಾರೆ. ಮನೆಯವರು ತಾವೇ ಅಂದಾಜು ಮಾಡಬಾರದು.

ಹಸಿವೇ ಇಲ್ಲದವರ ಕಷ್ಟ ಎಲ್ಲಕ್ಕಿಂತ ದೊಡ್ಡದು. ಮೂಗು, ನಾಲಿಗೆಗಳ ಸೂಕ್ಷ್ಮತೆ ಕುಂದಿ ಎಲ್ಲವೂ ಸಪ್ಪೆಯೆನಿಸುತ್ತದೆ, ಕೈ ಉಪ್ಪು ಸಕ್ಕರೆಗಳ ಕಡೆ ಚಾಚುತ್ತದೆ; ಅದರ ಬದಲು ನಿಂಬೆ, ಮೆಣಸು, ಹಸಿರು ಸೊಪ್ಪಿನ ಘಮದಿಂದ ರುಚಿ ತರಬಹುದು. ಇಂಥವರ ತಟ್ಟೆ ತುಂಬಿಸುವುದು ತಪ್ಪು, ಇರುವ ಸ್ವಲ್ಪದಲ್ಲೇ ಸತ್ವ ತುಂಬಬೇಕು. ಗಂಜಿಗೋ ಹಾಲಿಗೋ 15 ಗ್ರಾಂ ಹಾಲಿನ ಪುಡಿ ಕದಡಿದರೆ ಗಾತ್ರ ಹೆಚ್ಚದೆ 4ರಿಂದ 5 ಗ್ರಾಂ ಪ್ರೋಟೀನ್ ಸೇರುತ್ತದೆ. ಕೃಶರಾಗುತ್ತಿರುವವರಿಗೆ ಕೆನೆ ತೆಗೆದ ಹಾಲೇ ಬೇಕೆಂಬ ಹಟ ಬೇಡ; ನಡುವಯಸ್ಸಿನ ಪಥ್ಯ ಎಂಬತ್ತಕ್ಕೆ ಹೊಂದುವುದಿಲ್ಲ. ಬೆಳಗ್ಗೆ ಏಳಕ್ಕೆ ಹಾಲು, ಒಂಬತ್ತಕ್ಕೆ ಮೊಟ್ಟೆ, ಹನ್ನೊಂದಕ್ಕೆ ಮೊಸರು ಹಣ್ಣು ಎಂದು ಹರಡಿಕೊಟ್ಟರೂ ಆದೀತು. ಒಬ್ಬರೇ ಕುಳಿತು ತಿನ್ನುವವರ ಪಕ್ಕದಲ್ಲಿ ಯಾರಾದರೂ ಹತ್ತು ನಿಮಿಷ ಕುಳಿತರೆ ತಟ್ಟೆ ಖಾಲಿಯಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊಸ ತಿಂಡಿ ಹಿಡಿಸಿತೋ ಇಲ್ಲವೋ ಎಂದು ತಿಳಿಯಲು ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ, ಒಂದೇ ಹೊತ್ತಿನಲ್ಲಿ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಬಯಸದೆಯೇ ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ ಐದರಷ್ಟು, ಅಂದರೆ 60 ಕಿಲೊ ಇದ್ದವರಲ್ಲಿ 3 ಕಿಲೊ, ಇಳಿದಿದ್ದರೆ ಅದು ತಿಂಡಿ ಬದಲಿಸಿ ನೋಡೋಣವೆನ್ನುವ ಹಂತವಲ್ಲ. ಬರೆದಿಟ್ಟ ಆ ಚೀಟಿಯನ್ನೂ ಮಾತ್ರೆಗಳ ಪಟ್ಟಿಯನ್ನೂ ಹಿಡಿದು ಅದೇ ವಾರ ವೈದ್ಯರ ಬಳಿಗೆ ಹೋಗಿ.